ಒಡಪಿನಲ್ಲಿ ಹೇಳಿದ ಹೆಸರು

ಮದುವೆಯಾಗಿ ಈ ಮನೆಗೆ ಕಾಲಿಟ್ಟ ಸಂಜೆ ನನ್ನ ಮುಂದೆ ಒಂದು ಹಿತ್ತಾಳೆಯ ತಾಟು ಇಟ್ಟರು. ತಾಟಿನ ತುಂಬ ಅಕ್ಕಿ. ನನ್ನವರು ಉಂಗುರ ಹಿಡಿದು ಆ ಅಕ್ಕಿಯಲ್ಲಿ ಏನೋ ಬರೆದರು. ಸುತ್ತ ನಿಂತ ಹೆಂಗಸರು ಬಗ್ಗಿ ಓದಿ, ನಕ್ಕು, "ಪಾರ್ವತಿ" ಎಂದು ಕರೆದರು. ಪಾರ್ವತಿ ಎಂಬವಳು ಯಾರೋ ಬಾಗಿಲಲ್ಲಿ ಬಂದು ನಿಂತಿರಬೇಕೆಂದು ನಾನು ಹಿಂದೆ ತಿರುಗಿ ನೋಡಿದೆ. ಹೆಂಗಸರ ನಗೆ ಇನ್ನೂ ಜೋರಾಯಿತು. ಆಮೇಲೆ ತಿಳಿಯಿತು, ಆ ಪಾರ್ವತಿ ನಾನೇ ಎಂದು.

ಚಿತ್ರದುರ್ಗದ ಕಡೆಯ ನೀವೆಲ್ಲ ನನ್ನನ್ನು ಸುಮಿತ್ರಾ ಎಂದೇ ಬಲ್ಲಿರಿ. ನಮ್ಮಲ್ಲಿ ಮದುವೆಯಾದರೆ ಹೆಣ್ಣಿನ ಮನೆ ಬದಲಾಗುತ್ತದೆ, ಹೆಸರಿನ ಮುಂದಿನ ಇನಿಷಿಯಲ್ಲು ಬದಲಾದರೂ ಆಗಬಹುದು, ಹೆಸರನ್ನು ಯಾರೂ ಮುಟ್ಟುವುದಿಲ್ಲ. ಇಲ್ಲಿ, ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ಸೊಸೆ ಹೊಸಿಲು ದಾಟಿದ ದಿನವೇ ಹಳೆಯ ಹೆಸರು ಹೊರಗೆ ಬಿಟ್ಟ ಚಪ್ಪಲಿಯ ಹಾಗೆ ಹೊರಗೇ ಉಳಿಯಬೇಕು. ಹೊಸ ಹೆಸರು, ಅದರ ಹಿಂದೆ ಗಂಡನ ಹೆಸರು, ಅದರ ಹಿಂದೆ ಅಡ್ಡಹೆಸರು. ನನ್ನ ಹೆಸರು ಬರೆದ ಅಕ್ಕಿಯಿಂದ ಮರುದಿನ ಪಾಯಸ ಮಾಡಿದರು. ನಾನೂ ಉಂಡೆ. ರುಚಿಯಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ಈ ಊರು ಕರಜಗಿಯ ಆಚೆ, ಹತ್ತಿಪ್ಪತ್ತು ಮೈಲಿ ಹೋದರೆ ಕರ್ನಾಟಕದ ಹೊಲಗಳು ಶುರುವಾಗುವ ಕಡೆ. ನಮ್ಮ ಚಿತ್ರದುರ್ಗದಲ್ಲಿ ಬಾಯಲ್ಲಿಯೂ ಕನ್ನಡ, ಬೋರ್ಡಿನಲ್ಲಿಯೂ ಕನ್ನಡ. ಇಲ್ಲಿ ಬಾಯಲ್ಲಿ ಕನ್ನಡ, ಬೋರ್ಡಿನಲ್ಲಿ ಮರಾಠಿ. ಬೈಯುವುದು, ಅಳುವುದು, ಕೂಸನ್ನು ತೂಗುವುದು ಕನ್ನಡದಲ್ಲಿ. ಅರ್ಜಿ, ರೇಶನ್ನು, ತಲಾಠಿಯ ಕಚೇರಿ ಮರಾಠಿಯಲ್ಲಿ. ತಲಾಠಿ ಎಂದರೆ ನಮ್ಮ ಶ್ಯಾನುಭೋಗರ ಕೆಲಸ ಮಾಡುವವರು. ಊರಿನವರು ಒಂದು ಭಾಷೆಯಿಂದ ಇನ್ನೊಂದಕ್ಕೆ ಪಡಸಾಲೆಯಿಂದ ಅಡುಗೆಮನೆಗೆ ಹೋದಷ್ಟು ಸಲೀಸಾಗಿ ಹೋಗುತ್ತಾರೆ. ನಾನು ಮಾತ್ರ ನಡುವಿನ ಹೊಸಿಲಿಗೆ ಎಡವುತ್ತಿದ್ದೆ. ನನ್ನ ಕನ್ನಡವೂ ಇವರಿಗೆ ತಮಾಷೆ. "ನಮ್ಮ ಪಾರೂ ಬುಕ್ಕಿನ್ಯಾಗ ಬರದಂಗ ಮಾತಾಡ್ತಾಳ, ಜಗಳಾಡಿದ್ರೂ ಪಾಠ ಹೇಳಿದಂಗ ಕೇಳಸ್ತೈತಿ" ಎಂದು ಅತ್ತೆ ಬಂದವರೆದುರು ಹೇಳುತ್ತಿದ್ದರು.

ಮುದ್ದೆ ನುಂಗಿ ಬೆಳೆದವಳಿಗೆ ರೊಟ್ಟಿ ಅಗಿದು ಅಗಿದು ದವಡೆ ನೋಯುತ್ತಿತ್ತು. ರೊಟ್ಟಿ ಬಡಿಯಲು ಕಲಿತದ್ದು ಇನ್ನೊಂದು ಕಥೆ. ನನ್ನ ಮೊದಲ ರೊಟ್ಟಿಗಳನ್ನು ಎಮ್ಮೆಯೂ ಮೂಸಿ ನೋಡಿ ಬಿಟ್ಟಿತು. ನನ್ನವರು ಟೆಂಪೊ ಓಡಿಸುತ್ತಾರೆ, ದಾಳಿಂಬೆ ಹೇರಿಕೊಂಡು ಪುಣೆಯ ಮಾರ್ಕೆಟ್ಟಿಗೆ ಹೋಗುತ್ತಾರೆ. ಅವರು ಘಾಟಿ ಇಳಿದೆ ಎಂದು ಫೋನು ಮಾಡುವತನಕ ನನಗೆ ತುತ್ತು ಇಳಿಯುತ್ತಿರಲಿಲ್ಲ. ಆ ದಿನಗಳಲ್ಲಿ ನನ್ನ ಜತೆಗಿದ್ದವರು ನಮ್ಮ ಹಿಂದಿನ ಮನೆಯ ಕೆಂಚವ್ವ. ಕುರಿ ಕಾಯುವ ಮನೆತನದ ಮುದುಕಿ. ಗಂಡ ಮಾಳಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ನಾನು ಆಯಿ ಎಂದು ಕರೆಯುತ್ತೇನೆ, ಇಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. ಹಿಟ್ಟಿಗೆ ನೀರು ಎಷ್ಟು ಕುದಿಯಬೇಕು ಎಂದು ತೋರಿಸಿದವರು, ಒಂಟಿಯಾಗಿ ಕುಂತು ಅತ್ತರೆ ಗೋಡೆಯಾಚೆಯಿಂದ "ಏ ಪಾರೂ, ಕುರಿಮರಿ ಒದರಾಕತ್ತೈತೇನು ನಿಮ್ಮನ್ಯಾಗ?" ಎಂದು ಕೇಳಿ ನಗಿಸಿದವರು ಅವರು. ಅವರು ಎಳೆಮರಿಯನ್ನು ಎದೆಗವಚಿಕೊಂಡು ನಿಂತದ್ದನ್ನು ಒಮ್ಮೆ ನನ್ನ ಫೋನಿನಲ್ಲಿ ಫೋಟೊ ತೆಗೆದಿದ್ದೆ. ಅದನ್ನು ನೋಡಿ, "ಈ ಮುದುಕಿ ಯಾರವ್ವ?" ಎಂದು ಕೇಳಿದ್ದರು.

ಈ ಊರಿನಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ನಮ್ಮಲ್ಲೂ ಅಜ್ಜಿಯರ ಕಾಲದಲ್ಲಿ ಇದು ಇತ್ತು, ನಾವು ಹುಡುಗಿಯರು ನಕ್ಕು ಬಿಟ್ಟಿದ್ದೆವು. ಇಲ್ಲಿ ಇನ್ನೂ ಗಟ್ಟಿಯಾಗಿದೆ. ಹೇಳಲೇಬೇಕಾದರೆ ಒಡಪಿನಲ್ಲಿ ಹೇಳಬೇಕು. ಒಡಪು ಅಂದರೆ ಎರಡು ಸಾಲಿನ ಪದ, ಅದರೊಳಗೆ ಗಂಡನ ಹೆಸರನ್ನು ಸೇರಿಸಿ ಹಾಡಿದ ಹಾಗೆ ಹೇಳುವುದು. ಪದದೊಳಗೆ ಕೂತ ಹೆಸರಿಗೆ ದೋಷವಿಲ್ಲ. ಹೊಸಿಲ ಮೇಲೆ ನನ್ನನ್ನು ತಡೆದು ಒಡಪು ಕೇಳಿದಾಗ ನಾನು ಕಕ್ಕಾಬಿಕ್ಕಿಯಾಗಿದ್ದೆ. ಕೆಂಚವ್ವ ಕಿವಿಯಲ್ಲಿ ಹೇಳಿಕೊಟ್ಟದ್ದನ್ನು ತೊದಲಿ ಒಳಗೆ ಬಂದಿದ್ದೆ. ಮೊದಮೊದಲು ಇದೆಲ್ಲ ಹುಚ್ಚು ಎನಿಸುತ್ತಿತ್ತು. ಆದರೆ ಘಾಟಿಯ ರಸ್ತೆಯಲ್ಲಿ ಗಂಡನನ್ನು ಬಿಟ್ಟು ಮನೆಯಲ್ಲಿ ಕೂತವಳಿಗೆ ಹುಚ್ಚು ಯಾವುದು, ಎಚ್ಚರ ಯಾವುದು ಎಂದು ವಿಂಗಡಿಸುವ ಧೈರ್ಯ ಎಲ್ಲಿಂದ ಬರಬೇಕು. ಬಂದು ನಾಲ್ಕು ವರ್ಷವಾಯಿತು, ನಾನೂ ಅವರ ಹೆಸರು ಹೇಳುವುದು ಬಿಟ್ಟೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ.

ಭಯ ಬೇರೂರಿದ್ದು ಚುನಾವಣೆ ಹತ್ತಿರ ಬಂದಾಗ. ನನ್ನವರು ಅದಕ್ಕೂ ಮುಂಚೆ ಓಡಾಡಿ, ಚಿತ್ರದುರ್ಗದ ಮತದಾರರ ಪಟ್ಟಿಯಿಂದ ನನ್ನ ಹೆಸರು ತೆಗೆಸಿ ಇಲ್ಲಿಯ ಯಾದಿಗೆ ಸೇರಿಸಿದ್ದರು. ಯಾದಿ ಅಂದರೆ ಇಲ್ಲಿ ಪಟ್ಟಿ. ಯಾದಿಯಲ್ಲಿ ಬಂದದ್ದು ಪಾರ್ವತಿ. ಹೊಸ ಮತದಾರರ ಗುರುತಿನ ಕಾರ್ಡು ಅಂಚೆಯಲ್ಲಿ ಬರುತ್ತದೆ ಎಂದರು, ಬರಲಿಲ್ಲ. ನನ್ನ ಹತ್ತಿರ ಇದ್ದ ಫೋಟೊ ಇರುವ ಕಾಗದವೆಂದರೆ ಆಧಾರ್ ಒಂದೇ, ಅದರಲ್ಲಿ ಸುಮಿತ್ರಾ. ಅದನ್ನು ಬದಲಿಸಲು ಏನೇನು ಕಾಗದ ಬೇಕು ಎಂದು ಕೇಳಿದ ಮೇಲೆ ನನ್ನವರು "ಮುಂದ ನೋಡೂಣು" ಎಂದಿದ್ದರು. ಹೀಗಾಗಿ ನನ್ನ ಮುಖ ಒಂದು ಹೆಸರಿನಲ್ಲಿತ್ತು, ನನ್ನ ಮತ ಇನ್ನೊಂದು ಹೆಸರಿನಲ್ಲಿತ್ತು.

ಅದರ ಮೇಲೆ ಗಾಳಿಮಾತು. ಹಿಟ್ಟಿನ ಗಿರಣಿಯಲ್ಲಿ ಒಬ್ಬಳು ಹೇಳಿದಳು, ಈ ಸಲ ಫೋಟೊ ಹೊಂದದವರ ಹೆಸರು ಕಡಿಯುತ್ತಾರಂತೆ. ಇನ್ನೊಬ್ಬಳು, ಯಾದಿಯಿಂದ ಹೋದರೆ ರೇಶನ್ನಿನಿಂದಲೂ ಹೋದ ಹಾಗಂತೆ. ಮೂರನೆಯವಳು ನನ್ನ ಕಡೆ ನೋಡಿ, "ಕರ್ನಾಟಕದಿಂದ ಬಂದವರನ್ನ ವಾಪಸ್ ಕಳಸ್ತಾರಂತ" ಎಂದು ನಕ್ಕಳು. ಅದು ಚೇಷ್ಟೆ ಎಂದು ಗೊತ್ತಿತ್ತು. ಆದರೂ ಹಿಟ್ಟಿನ ಡಬ್ಬಿ ಹೊತ್ತು ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ನೆನೆದೆ. ಅಲ್ಲಿಯ ಪಟ್ಟಿಯಿಂದ ನನ್ನನ್ನು ನಾನೇ ತೆಗೆಸಿಕೊಂಡು ಬಂದಿದ್ದೆ. ಇಲ್ಲಿ ಇವರು ನೀನಲ್ಲ ಎಂದರೆ ನಾನು ಯಾವ ಊರಿನವಳು? ಹಗಲು ಕೆಲಸದಲ್ಲಿ ಮರೆತಂತಾಗುತ್ತಿತ್ತು, ಒಲೆಯ ಮುಂದೆ ಕೂತರೆ ಮತ್ತೆ ಅದೇ.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಾಗ ಇದನ್ನು ಅತ್ತೆಯ ಹತ್ತಿರ ಹೇಳಿಯೇಬಿಟ್ಟೆ. ಅವರು ಸಮಾಧಾನ ಮಾಡುತ್ತಾರೆಂದು ತಿಳಿದಿದ್ದೆ. ಅವರು ಫೋಟೊದ ಪರವಾಗಿಯೇ ನಿಂತರು.

"ಫೋಟೊ ಬೇಕವ್ವಾ. ನಾ ಹೊಸದಾಗಿ ಬಂದಾಗ ವೋಟ ಹಾಕಾಕ ಹೋದ್ರ, ನಿಮ್ಮ ವೋಟ ಆಗೇತಿ, ಮನಿಗಿ ಹೋಗ್ರಿ ಅಂದ್ರು. ಯಾವಾಕಿನೋ ಸೆರಗ ಹೊಚ್ಕೊಂಡ ಬಂದು ನಾನs ಅಂತ ಹೇಳಿ ಹಾಕಿ ಹೋಗಿದ್ಲು. ಅಲ್ಲಿ ಕುಂತವರಿಗೆಲ್ಲಾ ಗೊತ್ತಿತ್ತು ಆಕಿ ನಾ ಅಲ್ಲಂತ. ಒಬ್ಬರೂ ಬಾಯಿ ಬಿಡಲಿಲ್ಲ. ಶಾಯಿ ಇಲ್ಲದ ಬಟ್ಟು ಹಿಡ್ಕೊಂಡು ಬಂದ್ನಿ. ಈಗ ಫೋಟೊ ಕೇಳ್ತಾರ, ಯಾವಾಕಿ ನನ್ನ ಹೆಸರಿನ್ಯಾಗ ಹೋಗ್ತಾಳ ನೋಡೂಣು."

ಕೆಂಚವ್ವ ಸುಲಿದ ಸಿಪ್ಪೆಯನ್ನು ಮರಿಯ ಮುಂದೆ ಸುರಿಯುತ್ತ ಕೇಳುತ್ತಿದ್ದರು. ಅವರ ಕಾಗದಗಳ ಕಥೆ ಊರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ಅವರ ಮನೆಯವರು ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗುತ್ತಾರೆ. ಪಾತ್ರೆ, ಕಂಬಳಿ, ಕಾಗದ ಎಲ್ಲ ಕುದುರೆಯ ಮೇಲೆ. ಹೋದ ಸಲ ಕುದುರೆ ಹೊಳೆಯಲ್ಲಿ ಜಾರಿ, ಗಂಟು ನೀರುಪಾಲಾಗಿತ್ತು. ಮಗ ಹೊಸ ಕಾಗದಕ್ಕೆ ಅರ್ಜಿ ಕೊಡುತ್ತೇನೆಂದವನು ಮತ್ತೆ ಕುರಿಯ ಹಿಂದೆ ಹೋಗಿದ್ದ.

"ಗೌರಕ್ಕ, ನೀ ಹೇಳೂದು ಖರೆ ಐತಿ" ಎಂದರು ಕೆಂಚವ್ವ ಅತ್ತೆಗೆ. "ಆದ್ರ ನನ್ನ ಮಾರಿ ನನ್ನ ಕುತಗಿ ಮ್ಯಾಲs ಐತಲ್ಲ. ಅದನ್ನ ಬಿಟ್ಟು ಅದರ ಚಿತ್ರಾ ನೋಡ್ತೀನಿ ಅಂದ್ರ ಹೆಂಗ? ನನಗ ಇಷ್ಟು ಕುರಿ ಅದಾವ, ಒಂದಕ್ಕೂ ಚೀಟಿ ಇಲ್ಲ. ಯಾವುದು ನಂದು, ಯಾವುದು ಮಂದೀದು ಅಂತ ನನಗ ತಿಳೀತೈತಿ. ಊರಿಗಿ ನಾ ತಿಳ್ಯಾಂಗಿಲ್ಲೇನು?"

"ಊರಿಗಿ ತಿಳೀತೈತಿ, ಊರು ಹೇಳಬೇಕಲ್ಲ" ಎಂದರು ಅತ್ತೆ.

ನನಗೆ ಇಬ್ಬರ ಮಾತೂ ಸರಿ ಎನಿಸಿತು, ಅದರಿಂದ ಹೆದರಿಕೆ ಹೆಚ್ಚೇ ಆಯಿತು. ಒಬ್ಬರ ಮಾತು ತಪ್ಪೆಂದು ಗೊತ್ತಾಗಿದ್ದರೆ ಇನ್ನೊಬ್ಬರ ಪಕ್ಕದಲ್ಲಿ ಹೋಗಿ ಕೂರಬಹುದಿತ್ತು.

ಮತದಾನದ ದಿನ ನನ್ನವರು ಊರಲ್ಲಿರಲಿಲ್ಲ. ಹಣ್ಣು ಕೊಳೆಯುತ್ತದೆ, ಚುನಾವಣೆ ಕೊಳೆಯುವುದಿಲ್ಲ ಎಂದು ಹಿಂದಿನ ದಿನವೇ ಲೋಡು ಹೇರಿಕೊಂಡು ಹೋಗಿದ್ದರು. ಸಂಜೆಯೊಳಗೆ ಬಂದು ಮತ ಹಾಕುತ್ತೇನೆ ಎಂದಿದ್ದರು. ಬೆಳಿಗ್ಗೆಯಿಂದ ಅವರ ಫೋನು ಹತ್ತುತ್ತಿರಲಿಲ್ಲ. ಶಾಲೆಯ ಅಂಗಳದಲ್ಲಿ ಹೆಂಗಸರ ಸರತಿ ಬೇವಿನ ಮರದತನಕ ನಿಂತಿತ್ತು. ನನ್ನ ಮುಂದೆ ಅತ್ತೆ, ಹಿಂದೆ ಕೆಂಚವ್ವ. ಚುನಾವಣೆಯ ದಿನ ತವರಿನಲ್ಲಿ ಹೊಸ ಸೀರೆ ಉಟ್ಟು ಹೋಗುತ್ತಿದ್ದೆವು, ಮೊದಲ ಸಲ ಮತ ಹಾಕಿ ಬಂದಾಗ ಅಪ್ಪ ಬೆಲ್ಲ ಕೊಟ್ಟಿದ್ದರು. ಇಲ್ಲಿಯೂ ಹೊಸ ಸೀರೆಯನ್ನೇ ಉಟ್ಟಿದ್ದೆ. ಅದರ ಸೆರಗಿನಲ್ಲಿ ಆಧಾರ್ ಕಾರ್ಡು ಬೆವರಿಗೆ ಒದ್ದೆಯಾಗಿತ್ತು.

ಒಳಗೆ ಮೇಜಿನ ಹಿಂದೆ ಕೂತ ಅಧಿಕಾರಿ ಹೊರಗಿನವರು, ಮರಾಠಿಯವರು, ಕನ್ನಡ ಕೇಳಿದರೆ ಒಂದಿಷ್ಟು ತಿಳಿಯುತ್ತಿತ್ತು. ದಣಿದ ಮುಖ, ಕೆಟ್ಟ ಮನುಷ್ಯರಂತೆ ಕಾಣಲಿಲ್ಲ. ಗೋಡೆಯ ಬದಿಯ ಬೆಂಚಿನ ಮೇಲೆ ಒಂದು ಪಕ್ಷದ ಏಜಂಟನಾಗಿ ನಮ್ಮ ಓಣಿಯ ಗುರಪ್ಪ ಕೂತಿದ್ದರು. ಹೆಸರು ಕೂಗಿದಾಗ ಬಂದವರು ಅವರೇ ಹೌದೋ ಅಲ್ಲವೋ ನೋಡುವುದು ಅವರ ಕೆಲಸ. ಎದುರು ಪಕ್ಷದ ಬೆಂಚು ಆ ಹೊತ್ತಿಗೆ ಖಾಲಿ ಇತ್ತು, ಊಟಕ್ಕೆ ಎದ್ದು ಹೋಗಿದ್ದರು. ಅತ್ತೆ ಕಾರ್ಡು ತೋರಿಸಿ, ಶಾಯಿ ಹಚ್ಚಿಸಿಕೊಂಡು, ನನ್ನ ಕಡೆ ಗೆದ್ದವರಂತೆ ನೋಡಿ ಮತಯಂತ್ರದ ಮರೆಗೆ ಹೋದರು.

"ನಾವ?" ಎಂದರು ಅಧಿಕಾರಿ. ಹೆಸರು ಎಂದು.

ದಾರಿಯುದ್ದಕ್ಕೂ ಪಾರ್ವತಿ, ಪಾರ್ವತಿ ಎಂದು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಹೆದರಿದವರ ಬಾಯಲ್ಲಿ ಬರುವುದು ಹುಟ್ಟಿದ ಮನೆಯ ಹೆಸರು.

"ಸುಮಿತ್ರಾ" ಎಂದೆ.

ಅವರು, ಬಾಗಿಲಲ್ಲಿ ನನಗೆ ಬರೆದುಕೊಟ್ಟಿದ್ದ ಚೀಟಿಯ ನಂಬರು ನೋಡಿದರು, ಯಾದಿ ನೋಡಿದರು, ಆಧಾರ್ ನೋಡಿದರು, ನನ್ನನ್ನು ನೋಡಿದರು. ಯಾದಿಯಲ್ಲಿ ಅಂಚೆಚೀಟಿಯಷ್ಟು ಅಗಲದ ನನ್ನ ಫೋಟೊ ಕಪ್ಪಾಗಿ ಅಚ್ಚಾಗಿತ್ತು. ಅದರಲ್ಲಿ ಒಂದು ಸೆರಗು ಕಾಣುತ್ತಿತ್ತು, ಹೆಂಗಸು ಕಾಣುತ್ತಿರಲಿಲ್ಲ. ಯಾದಿಯಲ್ಲಿ ಇರುವುದು ಪಾರ್ವತಿ, ನೀವು ಯಾರು ಎಂದು ಕೇಳಿದರು. ಮದುವೆಯಲ್ಲಿ ಹೆಸರು ಬದಲಾಯಿತು ಎಂದು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿ, ಯಾದಿಯ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ನವರ್‍ಯಾಚಂ ನಾವ ಸಾಂಗಾ."

ಗಂಡನ ಹೆಸರು ಹೇಳಿ, ಅಷ್ಟೆ. ಅಷ್ಟನ್ನು ಹೇಳಿದರೆ ಮುಗಿಯುತ್ತಿತ್ತು. ನನ್ನ ನಾಲಿಗೆ ಏಳಲಿಲ್ಲ. ನಗುತ್ತೀರಿ, ನಗಿರಿ. ಡಿಗ್ರಿ ಓದಿದವಳು, ನಿಮ್ಮ ನಡುವೆ ಇದ್ದಾಗ ಇಂಥದಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವಳು. ಬೆಳಗಿನಿಂದ ಫೋನು ಹತ್ತದ ಟೆಂಪೊ ಎಲ್ಲೋ ಘಾಟಿಯಲ್ಲಿತ್ತು. ಆ ಹೆಸರನ್ನು ಬರಿದೇ ಬಾಯಿಂದ ಹೊರಗೆ ಬಿಟ್ಟರೆ ಅಲ್ಲಿ ಏನಾದೀತೋ ಎಂದು ಹೆದರಿದೆ. ಹೇಳದಿದ್ದರೆ ಇಲ್ಲಿ ನಾನು ಯಾರೂ ಅಲ್ಲ. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಂತೆ ನಿಂತೆ. ಗಂಡನ ಹೆಸರು ಗೊತ್ತಿಲ್ಲದ ಹೆಂಗಸು ಬೇರೆಯವರ ಮತ ಹಾಕಲು ಬಂದಿದ್ದಾಳೆ ಎಂಬ ಅನುಮಾನ ಅಧಿಕಾರಿಯ ಮುಖದಲ್ಲಿ ಏಳುವುದನ್ನು ಕಣ್ಣಾರೆ ಕಂಡೆ.

ಬೆನ್ನ ಮೇಲೆ ಒಂದು ಒರಟು ಅಂಗೈ ಬಿತ್ತು. "ಒಡಪಿನ್ಯಾಗ ಹೇಳವ್ವಾ" ಎಂದರು ಕೆಂಚವ್ವ. "ನಾ ಕಲಿಸಿದ್ನಲ್ಲ, ಹೊಸ್ತಲ ಮ್ಯಾಲ."

ನಾನು ಕಣ್ಣು ಮುಚ್ಚಿಕೊಂಡೆ.

"ಬಿಳಿಜ್ವಾಳದ ರೊಟ್ಟಿ ಮ್ಯಾಲ ಬೆಣ್ಣಿ ಇಟ್ಟೀನಿ,
ಮಲ್ಲಿಕಾರ್ಜುನ ರಾಯರ ಮನಿಯಾಗ ಬಲಗಾಲು ಇಟ್ಟೀನಿ."

ಕಣ್ಣು ತೆರೆದರೆ ಅಧಿಕಾರಿಯ ಮುಖ ಸಡಿಲಾಗಿತ್ತು. "ಉಖಾಣಾ" ಎಂದರು ಪಕ್ಕದವರಿಗೆ, ಸಣ್ಣಗೆ ನಗುತ್ತ. ಒಡಪಿಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಅವರ ಮನೆಯ ಹೆಂಗಸರೂ ಹೇಳುವವರೇ ಇರಬೇಕು. ಯಾದಿಯಲ್ಲಿ ಪಾರ್ವತಿಯ ಮುಂದೆ ಮಲ್ಲಿಕಾರ್ಜುನ ಎಂದೇ ಇತ್ತು. ಗುರಪ್ಪನವರೂ ಬೆಂಚಿನಿಂದ, "ಹೌದ್ರಿ ಸಾಹೇಬ್ರ, ನಮ್ಮ ಓಣಿ ಸೊಸಿ. ಖಾತ್ರಿ ಐತಿ" ಎಂದರು. ಆಧಾರಿನ ಫೋಟೊದಲ್ಲಿದ್ದವಳು ನಾನೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅಧಿಕಾರಿ ನನ್ನ ಬೆರಳು ಹಿಡಿಸಿ ಶಾಯಿ ಹಚ್ಚಿಸಿದರು. ಮತಯಂತ್ರದ ಗುಂಡಿ ಒತ್ತಿದಾಗ ಅದು ಕೂಗಿದ್ದು ನನ್ನ ಎದೆಯೊಳಗೇ ಕೂಗಿದಂತಾಯಿತು.

ಮರೆಯಿಂದ ಹೊರಬಂದಾಗ ಕೆಂಚವ್ವ ಮೇಜಿನ ಮುಂದೆ ನಿಂತಿದ್ದರು. ಹೆಸರು ಸರಿಯಾಗಿ ಹೇಳಿದ್ದರು, ಅವರು ಹುಟ್ಟಿದ್ದೂ ಈ ಊರಿನಲ್ಲೇ, ಅವರನ್ನು ಮದುವೆ ಮಾಡಿ ಕೊಟ್ಟದ್ದೂ ಈ ಊರಿನಲ್ಲೇ. ಅಧಿಕಾರಿ ಫೋಟೊ ಇರುವ ಕಾಗದ ಕೇಳಿದರು. ಕೆಂಚವ್ವ ಹೊಳೆಯ ಕಥೆ ಹೇಳಿದರು. ಅಧಿಕಾರಿ ಗಂಡನ ಹೆಸರು ಕೇಳಿದಾಗ ಅವರು ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಿಂತು, ಹೇಳಿದರು:

"ಕರಿಕುರಿ ಉಣ್ಣಿ ನೂತು ಕಂಬಳಿ ಹೊಚ್ಚೀನಿ,
ಮಾಳಪ್ಪನ ಹೆಸರ ಎದ್ಯಾಗ ಬಚ್ಚಿಟ್ಟೀನಿ."

ಸತ್ತವನ ಆಯುಷ್ಯಕ್ಕೆ ಇನ್ನೇನು ಕೊರತೆ ಬರಬೇಕಿತ್ತು, ಆದರೂ ಬರಿದೇ ಹೇಳಲಿಲ್ಲ. ಹೆಸರು ಹೊಂದಿತ್ತು. ಯಾದಿಯ ಕಪ್ಪು ಫೋಟೊ ಯಾವ ಮುದುಕಿಯದೂ ಆಗಬಹುದಿತ್ತು. ಅಧಿಕಾರಿ ಬೆಂಚಿನ ಕಡೆ ತಿರುಗಿದರು, ಇವರ ಗುರುತು ಇದೆಯೇ ಎಂದು.

ಗುರಪ್ಪ ಕೈಯಲ್ಲಿದ್ದ ಹಾಳೆಯನ್ನು ನೋಡುತ್ತ ಕೂತರು. ಇದೇ ಗುರಪ್ಪನವರ ಮೊಮ್ಮಗಳಿಗೆ ನಾಯಿಕೆಮ್ಮಾದಾಗ ಕೆಂಚವ್ವ ದಿನಾ ಆಡಿನ ಹಾಲು ಕೊಟ್ಟು ಬರುತ್ತಿದ್ದರು. ಕುರುಬರ ಓಣಿಯ ಮತಗಳು ಆ ಸಲ ಗುರಪ್ಪನವರ ಪಕ್ಷಕ್ಕಿಲ್ಲ ಎಂಬುದೂ ಊರಿಗೆಲ್ಲ ಗೊತ್ತಿತ್ತು. ಅದಕ್ಕೇ ಹಾಗೆ ಮಾಡಿದರೋ, ಕಾಯಿದೆಗೆ ಹೆದರಿದರೋ, ನಾನು ಹೇಳಲಾರೆ.

"ಕಾಗದ ಬೇಕಲ್ರಿ ಸಾಹೇಬ್ರ" ಎಂದರು ಕೊನೆಗೆ. "ರೂಲ್ ಅಂದ್ರ ರೂಲ್."

"ನಾನು ಹೇಳ್ತೀನಿ, ಇವರು ಕೆಂಚವ್ವಾನೇ" ಎಂದೆ ನಾನು. ಅಧಿಕಾರಿ ಬೇಸರದಿಂದಲೇ ಬಾಗಿಲ ಕಡೆ ಕೈ ತೋರಿಸಿದರು. ಮತ ಹಾಕಿದವರು ಒಳಗೆ ನಿಲ್ಲುವಂತಿಲ್ಲ. ಸಂಜೆಯೊಳಗೆ ಫೋಟೊ ಇರುವ ಯಾವ ಸರಕಾರಿ ಕಾಗದ ತಂದರೂ ಬಿಡುತ್ತೇನೆ ಎಂದರು. ಆಗ ನನಗೆ ಅತ್ತೆಯ ಮಾತು ನೆನಪಾಯಿತು. ಊರು ಸುಮ್ಮನಿದ್ದಾಗ ಕಾಗದ ಬೇಕು ಎಂದಿದ್ದರು ಅವರು. ಇಲ್ಲಿ ಊರೂ ಸುಮ್ಮನಿತ್ತು, ಕಾಗದವೂ ಹೊಳೆಯ ಪಾಲಾಗಿತ್ತು.

ಅಂಗಳದಲ್ಲಿ ಅತ್ತೆ ಬೇವಿನ ಕೆಳಗೆ ಕಾಯುತ್ತಿದ್ದರು. ಕೆಂಚವ್ವನ ಬೆರಳು ನೋಡಿದರು. ಫೋಟೊದ ಪರವಾಗಿ ಅಷ್ಟು ಮಾತಾಡಿದವರು ಆಗ ತಮ್ಮ ಶಾಯಿಯ ಬೆರಳನ್ನು ಸೆರಗಿನೊಳಗೆ ಸೇರಿಸಿಕೊಂಡರು.

"ನಿನ್ನ ಫೋನಿನ್ಯಾಗ ನನ್ನ ಫೋಟೊ ಐತಲ್ಲ ಪಾರೂ, ಮರೀ ಹಿಡಕೊಂಡದ್ದು" ಎಂದರು ಕೆಂಚವ್ವ. "ಅದು ನಡ್ಯಾಂಗಿಲ್ಲೇನು?"

"ಅದು ನಡೆಯೋದಿಲ್ಲ ಆಯಿ, ಸರಕಾರದ್ದೇ ಆಗಬೇಕಂತೆ" ಎಂದೆ.

ಮಧ್ಯಾಹ್ನದ ಮೇಲೆ ನನ್ನವರ ಫೋನು ಬಂತು. ಟಾಯರು ಒಡೆದು ಕೂತಿದ್ದರಂತೆ, ಚಾರ್ಜು ಹೋಗಿತ್ತಂತೆ, ಮತಕ್ಕೆ ಬರಲಾಗುವುದಿಲ್ಲ ಎಂದರು. ನನಗೆ ಅಳು ಬಂತು. ಯಾತಕ್ಕೆ ಅಳುತ್ತಿ ಎಂದು ಕೇಳಿದರು, ಹುಷಾರಾಗಿ ಬನ್ನಿ ಎಂದೆ. ಆ ಫೋನು ಇಡುತ್ತಲೇ ಚಿತ್ರದುರ್ಗದಿಂದ ಅಮ್ಮನ ಫೋನು ಬಂತು. "ಸುಮಿತ್ರಾ, ಮತ ಹಾಕಿದೆಯೇನೇ?" ಎಂದರು. ಹಾಕಿದೆ ಎಂದೆ. "ಅಂತೂ ಆ ಊರಿನವಳಾದೆ ಬಿಡು" ಎಂದು ಅಮ್ಮ ನಕ್ಕರು.

ಆಗಿನಿಂದ ನನ್ನ ಹೆದರಿಕೆಯ ಬಣ್ಣ ಬದಲಾಗಿದೆ, ಹೋಗಿಲ್ಲ. ತಪ್ಪು ಹೆಸರಿನ ಫೋಟೊ ಹಿಡಿದ ಹೊರಗಿನವಳು ದಾಟಿ ಬಂದೆ. ಸರಿಯಾದ ಹೆಸರಿನ, ಇಲ್ಲಿಯವರೇ ಆದ ಕೆಂಚವ್ವ ಹೊರಗುಳಿದರು. ನನ್ನನ್ನು ಒಳಗೆ ಬಿಟ್ಟ ಊರು ನಾಳೆ ಯಾವುದೋ ಬೆಂಚಿನ ಮೇಲೆ ಕೂತು ಹಾಳೆ ನೋಡತೊಡಗಿದರೆ ನಾನು ಯಾರಿಗೆ ಒಡಪು ಹೇಳಲಿ?

ಕುರಿ ಮತ್ತೆ ಹೊಳೆಯ ದಂಡೆಗೆ ಹೊರಡುವ ಮುಂಜಾನೆ ಕೆಂಚವ್ವ ಗೋಡೆಯಾಚೆಯಿಂದ ಕರೆದರು. ಈ ಸಲ ಮಗನ ಜತೆ ತಾವೂ ಹೋಗುತ್ತಿದ್ದರು. ನನ್ನ ಕೈ ಹಿಡಿದು ಬೆರಳಿನ ಮೇಲೆ ಇನ್ನೂ ಮಾಸದ ಶಾಯಿಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು.

"ಚಲೋ ಹತ್ತೈತಿ" ಎಂದರು. ಆಮೇಲೆ, ಅವರ ಬಾಯಲ್ಲಿ ನಾನು ಯಾವತ್ತೂ ಕೇಳದಂಥ ಸಣ್ಣ ದನಿಯಲ್ಲಿ ಕೇಳಿದರು: "ಪಾರೂ, ನಾ ಇಲ್ಲದಾಗ ಯಾರರೆ ಬಂದು ಈ ಮನ್ಯಾಗ ಯಾರ ಇರ್ತಾರ ಅಂತ ಕೇಳಿದ್ರ, ನಾ ಈ ಊರಾಕಿ ಅಂತ ನೀ ಹೇಳ್ತೀಯಲ್ಲ?"

"ಹೇಳ್ತೀನಿ ಆಯಿ" ಎಂದೆ.

ಕುದುರೆ ಹೊರಟಿತು, ಕುರಿ ಹೊರಟವು. ಹೇಳುತ್ತೇನೆ, ಅದರಲ್ಲಿ ಸಂಶಯವಿಲ್ಲ. ಹೇಳಿದ ಮೇಲೆ ಆ ಕೇಳಲು ಬಂದವರು, ಇದನ್ನು ಹೇಳಲು ನೀನು ಯಾರು, ನಿನ್ನ ಹೆಸರೇನು ಎಂದು ಕೇಳುತ್ತಾರಲ್ಲ, ಆಗ ಯಾವುದನ್ನು ಹೇಳಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.